ಕೊನೆ ಗೊತ್ತಿರುವ ಕತೆಗೆ ಡ್ರ್ಯಾಗನ್ ತಂದದ್ದು: ನನ್ನ ಅನುಭವ

ನನ್ನ ಮೊದಲ ಫ್ಯಾಂಟಸಿ ಕಾದಂಬರಿಯಲ್ಲಿ ಒಂದು ಹಾಡು ಬರುತ್ತದೆ. ಮುನ್ನೂರು ವರ್ಷದ ಹಿಂದೆ ಬೂದಿ ಸುರಿದ ಕಾಲದಲ್ಲಿ ಏಳು ಮಂದಿ ಹೆಂಗಸರು ಡ್ರ್ಯಾಗನ್ನನ್ನು ನೆಲದೊಳಗೆ ಹೂತರು, ಊರಿಗೆ ತಿರುಗಿ ಬಂದವಳು ಒಬ್ಬಳೇ ಅಂತ. ನಾಲ್ಕೇ ಸಾಲು. ಆ ಊರಿಗೂ ಒಂದು ಹಳೆ ಕಾಲ ಇತ್ತು ಅಂತ ತೋರಿಸಲು ಹಾಕಿದ್ದು. ಓದಿದವರು ಮುಖ್ಯ ಕತೆ ಬಿಟ್ಟು ಅದನ್ನೇ ಹಿಡಿದುಕೊಂಡರು. ಆ ಏಳು ಮಂದಿ ಯಾರು? ಬಂದವಳು ಯಾರು? ಪ್ರೀಕ್ವೆಲ್, ಅಂದರೆ ಮೊದಲ ಪುಸ್ತಕಕ್ಕಿಂತ ಹಿಂದೆ ನಡೆದ ಕತೆ, ಬರೆಯಲು ಕೂತದ್ದು ಆ ಒತ್ತಾಯಕ್ಕೆ.

ಪ್ರೀಕ್ವೆಲ್ಲಿನ ಕಷ್ಟ ಎಲ್ಲರಿಗೂ ಗೊತ್ತಿರುವುದೇ. ಕೊನೆ ಮೊದಲೇ ಹೇಳಿ ಆಗಿದೆ. "ಆರು ಜನ ಸಾಯ್ತಾರೆ ಅಂತ ಗೊತ್ತುಂಟಲ್ಲ ಮಾರಾಯ್ತಿ, ಮತ್ತೆ ಓದುವುದು ಎಂತಕ್ಕೆ?" ಅಂತ ಗೆಳತಿಯೊಬ್ಬಳು ಕೇಳಿದಳು. ಬೇರೆ ಕಡೆ ಕೇಳಿದರೆ ಸರಿ, ಕಾಸರಗೋಡಿನಲ್ಲಿ ಕೂತು ಕೇಳುವ ಪ್ರಶ್ನೆಯಾ ಇದು? ಯಕ್ಷಗಾನ ಕವಿ, ಕುಂಬಳೆಯ ಪಾರ್ತಿಸುಬ್ಬನ ನೆಲ ಇದು. ವೇಷ, ಕುಣಿತ ಇಲ್ಲದೆ ಬರೀ ಹಾಡು, ಮಾತಿನಲ್ಲೇ ನಡೆಯುವ ಯಕ್ಷಗಾನ ತಾಳಮದ್ದಳೆ; ಅದಕ್ಕೆ ಬಂದು ಕೂತವರಲ್ಲಿ ಕರ್ಣ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಯಾರಿದ್ದಾರೆ? ಆದರೂ ಬೆಳಗಿನವರೆಗೆ ಕೂರುತ್ತಾರೆ. ರಥದ ಚಕ್ರ ಹೂತ ಮೇಲೆ ಈ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವನು, ಕರ್ಣನ ಬಾಯಲ್ಲಿ ಏನು ಹೇಳಿಸುತ್ತಾನೆ, ಕೃಷ್ಣ ಅದಕ್ಕೆ ಏನು ಉತ್ತರ ಕೊಡುತ್ತಾನೆ, ಜನರ ಕಿವಿ ಇರುವುದು ಅಲ್ಲಿ.

ನಾನು ಅದೇ ದಾರಿ ಹಿಡಿದೆ. ಮೊದಲ ಪುಟದಲ್ಲೇ ಆ ಹಾಡು ಹಾಕಿದೆ. ತಿರುಗಿ ಬಂದವಳ ಹೆಸರನ್ನೂ ಅಲ್ಲೇ ಹೇಳಿಬಿಟ್ಟೆ. ಅಡಗಿಸಿ ಇಡಲು ಏನೂ ಇಲ್ಲ ಅಂತಾದ ಮೇಲೆ ಪ್ರತಿ ದೃಶ್ಯದಲ್ಲೂ ಮಾತೇ ಗಟ್ಟಿಯಾಗಬೇಕಾಯಿತು. ಇನ್ನೊಂದು ನಿಯಮವೂ ತಾಳಮದ್ದಳೆಯದ್ದೇ. ಅರ್ಥಧಾರಿ ಏನು ಬೇಕಾದರೂ ಹೇಳಬಹುದು, ಭಾಗವತರು ಹಾಡಿದ ಪದ್ಯವನ್ನು ದಾಟುವಂತಿಲ್ಲ. ನನಗೆ ಆ ನಾಲ್ಕು ಸಾಲೇ ಪದ್ಯ. ಅದನ್ನು ವಕೀಲರು ಕರಾರುಪತ್ರ ಓದುವ ಹಾಗೆ ಓದಿದೆ. ಹೂತರು ಅಂತ ಇದೆ, ಕೊಂದರು ಅಂತ ಇಲ್ಲ. ಒಬ್ಬಳೇ ಊರಿಗೆ ಬಂದಳು ಅಂತ ಇದೆ, ಉಳಿದ ಆರೂ ಮಂದಿ ಸತ್ತರು ಅಂತ ಎಲ್ಲೂ ಇಲ್ಲ. ಕಾದಂಬರಿಯ ಅರ್ಧ ಭಾಗ ಹುಟ್ಟಿದ್ದು ಈ ಎರಡು ಸಂದಿಗಳಲ್ಲಿ. ಪ್ರೀಕ್ವೆಲ್ ಬರೆಯುವವರು ಮೊದಲು ಮಾಡಬೇಕಾದ ಕೆಲಸ ಇದು ಅಂತ ನನ್ನ ಅಭಿಪ್ರಾಯ: ತಾನೇ ಬರೆದದ್ದನ್ನು ಬೇರೆಯವರು ಬರೆದದ್ದು ಅಂದುಕೊಂಡು ಓದುವುದು.

ಇನ್ನು ಡ್ರ್ಯಾಗನ್. ಯುರೋಪಿನ ಕತೆಗಳಲ್ಲಿ ಅದು ಬೆಂಕಿ ಉಗುಳುತ್ತದೆ, ನಿಧಿ ಕಾಯುತ್ತದೆ. ಚೀನಾ, ಜಪಾನ್ ಕಡೆ ಮಳೆ ತರುತ್ತದೆ, ನೀರಿನಲ್ಲಿ ಇರುತ್ತದೆ. ನಮ್ಮಲ್ಲಿ ಹತ್ತಿರದ್ದು ಅಂದರೆ ನಾಗ. ಆದರೆ ಮನೆ ಮನೆಗೆ ನಾಗಬನ ಇರುವ ಊರಲ್ಲಿ ಹಾವನ್ನು ಊರು ಸುಡುವ ಪ್ರಾಣಿ ಮಾಡಿದರೆ ಓದುಗರು ಒಪ್ಪುವುದಿಲ್ಲ, ನನ್ನ ಕೈಯೂ ಓಡುವುದಿಲ್ಲ. "ನಾಗನ ಸುದ್ದಿಗೆ ಹೋಗಬೇಡ ಮಗಾ" ಅಂತ ಚಿಕ್ಕಮ್ಮ ಮೊದಲೇ ಹೇಳಿದ್ದರು.

ಉತ್ತರ ಸಿಕ್ಕಿದ್ದು ಅಡಿಕೆ ತೋಟದಲ್ಲಿ. ಹಾರುವ ಓತಿ. ಬಾಲ ಸೇರಿ ಗೇಣುದ್ದ ಇರಬಹುದು. ಅಡಿಕೆ ಮರಕ್ಕೆ ಅಂಟಿಕೊಂಡರೆ ತೊಗಟೆಯೇ, ಕಣ್ಣಿಗೆ ಬೀಳುವುದಿಲ್ಲ. ಗಂಡು ಗಂಟಲ ಕೆಳಗಿನ ಹಳದಿ ಚರ್ಮವನ್ನು ಫಕ್ಕನೆ ಬಿಡಿಸಿ ಮಡಚಿದಾಗ ಮಾತ್ರ ಓಹೋ ಅಲ್ಲಿದೆ ಅಂತ ಗೊತ್ತಾಗುತ್ತದೆ. ಅದರ ರೆಕ್ಕೆ ನಿಜವಾಗಿ ರೆಕ್ಕೆ ಅಲ್ಲ, ಉದ್ದ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ. ಅದಕ್ಕೆ ಮೇಲಕ್ಕೆ ಹಾರಲು ಬರುವುದಿಲ್ಲ. ಎತ್ತರದಿಂದ ಜಾರಿ ಇನ್ನೊಂದು ಮರದ ಬುಡದ ಹತ್ತಿರ ಇಳಿಯುತ್ತದೆ, ಮತ್ತೆ ನಡೆದುಕೊಂಡೇ ಮೇಲೆ ಹತ್ತಬೇಕು. ಮೊಟ್ಟೆ ಇಡಲು ಹೆಣ್ಣು ನೆಲಕ್ಕಿಳಿದು ಮೂತಿಯಿಂದ ಮಣ್ಣು ಅಗೆಯುತ್ತದೆ.

ಇದನ್ನು ಓದಿ ತಿಳಿದುಕೊಂಡ ದಿನ ನನ್ನ ಡ್ರ್ಯಾಗನ್ ಸಿಕ್ಕಿತು, ಅದರ ಸೋಲೂ ಸಿಕ್ಕಿತು. ದೊಡ್ಡ ಪ್ರಾಣಿಗೆ ಹಾರುವುದು ಸುಲಭ ಇಲ್ಲ. ಉದ್ದ 10 ಪಟ್ಟು ಮಾಡಿದರೆ ರೆಕ್ಕೆಯ ವಿಸ್ತೀರ್ಣ 100 ಪಟ್ಟು ಆಗುತ್ತದೆ, ತೂಕ 1000 ಪಟ್ಟು. ಭೂಮಿಯ ಮೇಲೆ ಹಾರಿದ ಅತಿ ದೊಡ್ಡ ಪ್ರಾಣಿಗಳಲ್ಲಿ ಒಂದಾದ ಕ್ವೆಟ್ಜಲ್‌ಕೋಟ್ಲಸ್ ಎಂಬ ಡೈನೋಸಾರ್ ಕಾಲದ ಹಾರುವ ಸರೀಸೃಪದ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಸುಮಾರು 10 ಮೀಟರ್ ಇತ್ತು. ಮ್ಯಾಜಿಕ್ ಅಂತ ಹೇಳಿ ಇದನ್ನೆಲ್ಲ ದಾಟಬಹುದಿತ್ತು. ನಾನು ದಾಟಲಿಲ್ಲ. ನನ್ನ ಡ್ರ್ಯಾಗನ್ ಹಾರುವುದೇ ಇಲ್ಲ, ಗುಡ್ಡದಿಂದ ಜಾರುತ್ತದೆ. ರಾಣಿಪುರದಂಥ ಸಾವಿರ ಮೀಟರಿನ ಗುಡ್ಡದಿಂದ ಒಂದು ಮೀಟರ್ ಇಳಿದರೆ ಹತ್ತು ಮೀಟರ್ ಮುಂದೆ ಎಂಬ ಲೆಕ್ಕದಲ್ಲಿ ಜಾರಿದರೆ 10 ಕಿಲೋಮೀಟರ್ ಆಯಿತು. ಆಮೇಲೆ ಅದು ನಡೆಯಬೇಕು, ಇನ್ನೊಂದು ಗುಡ್ಡ ಹತ್ತಬೇಕು. ಬರುವುದು ಗಳಿಗೆಯಲ್ಲಿ, ಹೋಗುವುದು ದಿನಗಟ್ಟಲೆ. ಹೆಂಗಸರಿಗೆ ಸಿಗುವ ಸಮಯ ಅದು.

ಬೆಂಕಿಯ ಬದಲು ಬೊಂಬಾರ್ಡಿಯರ್ ದುಂಬಿಯ ಉಪಾಯ ಹಾಕಿದೆ. ಆ ಪುಟ್ಟ ಹುಳ ಹೊಟ್ಟೆಯೊಳಗೆ ಎರಡು ರಾಸಾಯನಿಕ ಸೇರಿಸಿ, ಕುದಿಯುವ ನೀರಿನಷ್ಟು ಬಿಸಿಯಾದ ದ್ರವವನ್ನು ಚಿಮ್ಮಿಸುತ್ತದೆ. ಡ್ರ್ಯಾಗನ್ ಉಗುಳಿದ್ದು ಎಲೆಗೆ, ಹೊಲಕ್ಕೆ, ಬಾವಿಗೆ ಬೀಳುತ್ತದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೂಳುವುದು ಹೇಗೆ? ಇದಕ್ಕೆ ನಾನು ಎಲ್ಲಿಗೂ ಹೋಗಬೇಕಾಗಲಿಲ್ಲ. ನಮ್ಮಲ್ಲಿ ಸುರಂಗ ಇದೆಯಲ್ಲ! ಬಾಯಾರು, ಪಡ್ರೆ, ಶೇಣಿ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳು. ವರ್ಷಕ್ಕೆ 3500 ಮಿಲಿಮೀಟರ್ ಹತ್ತಿರ ಮಳೆ ಬಿದ್ದರೂ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ ನೀರು ನಿಲ್ಲಿಸುವುದಿಲ್ಲ. ಹಾಗಾಗಿ ಒಳಗೆ ಹೋಗಿ ಒರತೆ ಹುಡುಕಿ ತರಬೇಕು. ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟೇ ಜಾಗ. ಅಗಲ ಎರಡು ಅಡಿ ಆಸುಪಾಸು, ಎತ್ತರ ಆಳೆತ್ತರ. ಒಬ್ಬ ಕೊರೆದರೆ ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಹಾಕುತ್ತಾನೆ. ನೀರು ತಾನಾಗಿ ಹರಿದು ಬರಬೇಕಾದ್ದರಿಂದ ನೆಲಕ್ಕೆ ಸಣ್ಣ ಇಳಿಜಾರು ಇರುತ್ತದೆ.

ಸುರಂಗ ಕೊರೆದ ಹಿರಿಯರೊಬ್ಬರ ಹಿಂದೆ ನಾನೂ ಒಳಗೆ ಹೋದೆ. ಹೊರಗೆ ಧಗೆ, ಒಳಗೆ ತಣ್ಣಗೆ. ಎರಡೂ ಭುಜ ಗೋಡೆಗೆ ತಾಗುತ್ತಿತ್ತು. ಗೋಡೆಯ ತುಂಬ ಪಿಕ್ಕಾಸಿನ ಗುರುತು, ಎಲ್ಲವೂ ಒಂದೇ ಓರೆಯಲ್ಲಿ. ಕೊರೆದವರು ಬಲಗೈಯವರು ಅಂತ ಅದನ್ನು ನೋಡಿಯೇ ಹೇಳಬಹುದು. "ನೋಡಿ ಟೀಚರ್, ಬತ್ತಿ ಮಂಕಾದರೆ ಮತ್ತೆ ಒಂದು ಪೆಟ್ಟೂ ಹಾಕಬಾರದು, ಸೀದಾ ಹೊರಗೆ ಬರಬೇಕು" ಅಂದರು ಅವರು. ಗಾಳಿ ಕಡಿಮೆಯಾದರೆ ಮೊದಲು ಹೇಳುವುದು ಮೇಣದ ಬತ್ತಿ. ಕಾದಂಬರಿಯ ಅತಿ ಉದ್ದದ ಅಧ್ಯಾಯದಲ್ಲಿ ಡ್ರ್ಯಾಗನ್ ಕಾಣಿಸುವುದೇ ಇಲ್ಲ. ಏಳು ಮಂದಿ, ಒಂದು ಬತ್ತಿ, ತಲೆಯ ಮೇಲೆ ಭಾರವಾದದ್ದೇನೋ ನಡೆಯುವ ಸದ್ದು. ಅಷ್ಟೇ.

ಮುರಕಲ್ಲಿಗೆ ಇನ್ನೊಂದು ಗುಣ ಇದೆ. ಒಳಗಿನ ಕಲ್ಲು ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಒಣಗಿದ ಹಾಗೆ ಗಟ್ಟಿಯಾಗುತ್ತದೆ. ಮನೆ ಕಟ್ಟುವವರಿಗೆಲ್ಲ ಗೊತ್ತಿರುವ ವಿಷಯ. ಮೊಟ್ಟೆ ಇಡಲು ಪದವಿನ (ಮುರಕಲ್ಲಿನ ಎತ್ತರದ ಬಯಲಿನ) ಮೇಲೆ ಇಳಿಯುವ ಹೆಣ್ಣು ಡ್ರ್ಯಾಗನ್, ಅಡಿಯಲ್ಲಿ ಹೆಂಗಸರು ಮೊದಲೇ ಟೊಳ್ಳು ಮಾಡಿಟ್ಟ ನೆಲ. ಉಳಿದದ್ದನ್ನು ಕಾದಂಬರಿಯಲ್ಲೇ ಓದಿ.

ಡ್ರ್ಯಾಗನ್ನನ್ನು ಮೊದಲ ಸಲ ತೋರಿಸುವಾಗ ಯಕ್ಷಗಾನದ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಪ್ರವೇಶ ನೆನಪಿಟ್ಟುಕೊಂಡೆ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಕಿರೀಟದ ತುದಿ ಕಾಣುತ್ತದೆ, ತೆರೆಯ ಅಂಚು ಹಿಡಿದ ಬೆರಳು ಕಾಣುತ್ತದೆ, ಒಳಗಿಂದ ಆರ್ಭಟ ಕೇಳುತ್ತದೆ. ಮುಖ ಕಾಣುವ ಹೊತ್ತಿಗೆ ಮಕ್ಕಳು ಅಮ್ಮನ ಸೆರಗಿನೊಳಗೆ ಸೇರಿ ಆಗಿರುತ್ತದೆ. ನಾನೂ ಮೊದಲು ತೋರಿಸಿದ್ದು ಗುಡ್ಡದ ಮೇಲೆ ಮುರಿದ ಮರಗಳನ್ನು, ಆಮೇಲೆ ಗದ್ದೆಯ ಮೇಲೆ ಹಾದುಹೋದ ನೆರಳನ್ನು. ಪೂರ್ತಿ ಮೈ ಕಾಣುವುದು ಪುಸ್ತಕದ ನಡುವಿನಲ್ಲಿ, ಅದೂ ನಿದ್ದೆ ಮಾಡುತ್ತಿರುವಾಗ.

ಹಾಡಿನಲ್ಲಿ ಬರುವ ಬೂದಿಗೆ ಕಾರಣ ಬೇಕಿತ್ತು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದ ಮರುವರ್ಷ ಯುರೋಪು, ಅಮೆರಿಕಗಳಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಹಾಳಾಯಿತು. ದೂರದ ಬೆಟ್ಟ ಸಿಡಿದರೆ ಇಲ್ಲಿ ಹಸಿವು ಬರಬಹುದು ಅಂತಾದರೆ ನನ್ನ ಸರಪಳಿ ಸರಿಯಾಯಿತು: ಬೂದಿ ಬಿತ್ತು, ಮಳೆ ತಪ್ಪಿತು, ಕಾಡು ಒಣಗಿತು, ಡ್ರ್ಯಾಗನ್ ಕೆಳಗಿಳಿಯಿತು.

ಆದರೆ ಅನಾಹುತ ಅಂದರೆ ಏನು ಅಂತ ನಮ್ಮ ಜಿಲ್ಲೆಯವರು ಜ್ವಾಲಾಮುಖಿಯಿಂದ ಕಲಿಯಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ತಡೆಯಿತು. ಅದನ್ನೇ ಡ್ರ್ಯಾಗನ್ ಮಾಡಿ ಬರೆಯಲು ನನಗೆ ಮನಸ್ಸು ಬರಲಿಲ್ಲ. ಆ ವಿಷದಿಂದ ನರಳಿದ ಮನೆಗಳ ಕತೆ ನನ್ನದಲ್ಲ. ನಾನು ತೆಗೆದುಕೊಂಡದ್ದು ಕಾಲದ ಲೆಕ್ಕ ಮಾತ್ರ. ಸಿಂಪಡಣೆ ನಿಂತ ಮೇಲೆಯೂ ಬೆಳೆದ ಮಗನನ್ನು ಎತ್ತಿ ಮೀಯಿಸುವ ಅಮ್ಮನ ಕೆಲಸ ನಿಲ್ಲುವುದಿಲ್ಲ. ಹಾಗಾಗಿ ನನ್ನ ಕಾದಂಬರಿಯಲ್ಲಿ ಡ್ರ್ಯಾಗನ್ ಬಿದ್ದ ಮೇಲೂ ಬಹಳಷ್ಟು ಪುಟ ಉಳಿದಿದೆ. ಬಾವಿ ತೊಳೆಯುವುದು, ಬೀಜ ಹುಡುಕುವುದು, ಹುಟ್ಟಿದ ಮಕ್ಕಳನ್ನು ನೋಡಿಕೊಳ್ಳುವುದು. ಯುದ್ಧ ಮುಗಿದ ಮೇಲೆ ಎಳೆದಿದ್ದೀರಿ ಅಂತ ಕೆಲವರು ಹೇಳಿದರು. ಆ ಭಾಗಕ್ಕೆ ನಾನು ಕತ್ತರಿ ಹಾಕಲಿಲ್ಲ.

ಏಳು ಮಂದಿಯನ್ನು ಬೇರೆ ಬೇರೆಯಾಗಿ ಕೇಳಿಸುವುದು ಬಹಳ ಹಿಡಿಯಿತು. ತುಳುವಿನ ಹಾಡುಗತೆ ಸಿರಿ ಪಾಡ್ದನ ಇಲ್ಲಿ ಕೈಹಿಡಿಯಿತು. ಸಿರಿ, ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ ದಾರಗ. ಕತೆ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಚೆನ್ನೆಮಣೆ ಆಟದ ಒಂದು ಜಗಳದಿಂದ ಇಬ್ಬರ ಪ್ರಾಣ ಹೋಗುತ್ತದೆ. ದೊಡ್ಡ ದುರಂತ ಅಷ್ಟು ಸಣ್ಣ ಜಾಗದಿಂದ ಬರಬಹುದು ಅಂತ ಆ ಪಾಡ್ದನ ನನಗೆ ತೋರಿಸಿತು. ನನ್ನ ಏಳು ಮಂದಿಯಲ್ಲೂ ಮೂರು ತಲೆಮಾರು ಇದೆ. ಸುರಂಗ ಕೊರೆಯುವವಳು, ಸೂಲಗಿತ್ತಿ, ನಾಟಿ ಗದ್ದೆಯಲ್ಲಿ ಹಾಡು ಹೇಳುವವಳು, ಅವಳ ಮೊಮ್ಮಗಳು. ಕತ್ತಿ ಹಿಡಿದ ರಾಣಿ ಒಬ್ಬಳೂ ಇಲ್ಲ. ಅವಳು ಬೇರೆಯವರ ಪುಸ್ತಕಗಳಲ್ಲಿ ಬೇಕಾದಷ್ಟು ಇದ್ದಾಳೆ.

ಬರೆದದ್ದನ್ನು ಚಿಕ್ಕಮ್ಮನಿಗೆ ಓದಿ ಹೇಳುತ್ತಿದ್ದೆ. ಅವರಿಗೆ ಫ್ಯಾಂಟಸಿ ಗೀಂಟಸಿ ಎಲ್ಲ ಗೊತ್ತಿಲ್ಲ, ಡ್ರ್ಯಾಗನ್ನಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಹೆಂಗಸರು ಸುರಂಗದೊಳಗೆ ಅಡಗಿ ಕೂತ ಅಧ್ಯಾಯಕ್ಕೆ ಬಂದಾಗ ಮಾತ್ರ ತಡೆದರು. "ಅದೆಲ್ಲ ಇರಲಿ ಮಗಾ, ಇಷ್ಟು ದಿನ ಅವರು ಉಂಡದ್ದೆಂತ?" ಒಳಗೆ ಒಲೆ ಹಚ್ಚುವಂತಿಲ್ಲ, ಹೊಗೆ ತುಂಬುತ್ತದೆ. ಅಕ್ಕಿ ಇದ್ದರೂ ಉಪಯೋಗ ಇಲ್ಲ. ಚಿಕ್ಕಮ್ಮನೇ ಉಪ್ಪುಸೊಳೆ ಸೂಚಿಸಿದರು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಮಳೆಗಾಲ ದಾಟುತ್ತದೆ, ನೀರಲ್ಲಿ ನೆನೆಸಿ ಉಪ್ಪು ಬಿಡಿಸಿದರೆ ಹಸಿಯಾಗಿಯೇ ಅಗಿಯಬಹುದು. ಆದರೆ ಉಪ್ಪು ಬಿಡಿಸಲು ಒಳ್ಳೆ ನೀರು ಬೇಕು, ನೀರಿಗೇ ತತ್ವಾರ. ಒಂದು ಭರಣಿ ಸೊಳೆ ಮತ್ತು ಅರ್ಧ ಕೊಡ ನೀರಿಗಾಗಿ ಸೂಲಗಿತ್ತಿಗೂ ಹಾಡುವವಳಿಗೂ ಅಲ್ಲಿ ದೊಡ್ಡ ಜಗಳ ಆಗುತ್ತದೆ. ಈಗ ಓದುಗರಿಂದ ಬರುವ ಪತ್ರಗಳಲ್ಲಿ ಡ್ರ್ಯಾಗನ್ನಿಗಿಂತ ಆ ಜಗಳದ ಮಾತೇ ಜಾಸ್ತಿ. ಯಾರದ್ದು ನ್ಯಾಯ ಅಂತ ಎರಡು ಪಕ್ಷ ಆಗಿದೆ. ಚಿಕ್ಕಮ್ಮ ಸೂಲಗಿತ್ತಿಯ ಕಡೆ.