ಹಸುವಿನ ಎಡಹೊಟ್ಟೆಗೆ ಮುಷ್ಟಿ ಇಟ್ಟು ನೋಡೋದು ಹೆಂಗೆ

ಹಸು ಮೇವು ಬಿಟ್ಟ ಮೇಲೆ, ಹಾಲು ಇಳಿದ ಮೇಲೆ ಡಾಕ್ಟ್ರನ್ನ ಹುಡ್ಕೋರೇ ಜಾಸ್ತಿ. ಆದ್ರೆ ಅದಕ್ಕೂ ಮೊದ್ಲೇ ಹೊಟ್ಟೆ ಹೇಳಿರುತ್ತೆ, ನಾವು ಕೈ ಇಟ್ಟು ನೋಡಿರಲ್ಲ ಅಷ್ಟೆ.

ಹಸುವಿನ ಎಡಗಡೆ ನಿಂತ್ಕೊಳ್ಳಿ. ಕೊನೇ ಪಕ್ಕೆಲುಬು ದಾಟಿದ್ರೆ ಸೊಂಟದ ಮೂಳೆಗೆ ಮುಂಚೆ ಒಂದು ಹಳ್ಳ ಸಿಗುತ್ತಲ್ಲ, ಅಲ್ಲಿ ಮುಷ್ಟಿ ಒತ್ತಿ ಇಟ್ಟು ಅಲ್ಲಾಡದೆ 2 ನಿಮಿಷ ಕಾಯಿರಿ. ಒಳಗಿಂದ ಯಾರೋ ನಿಧಾನಕ್ಕೆ ಕೈನ ಆಚೆ ತಳ್ದಂಗೆ ಆಗುತ್ತೆ, ಮತ್ತೆ ಇಳಿಯುತ್ತೆ. 2 ನಿಮಿಷಕ್ಕೆ ಎರಡು ಮೂರು ಸಲ ತಳ್ಳಿದ್ರೆ ಚೆನ್ನಾಗಿದೆ ಅಂತ. ಕೈ ಕೆಳಗಡೆ ಸರಿಸಿ ಒತ್ತಿದ್ರೆ ಚೆನ್ನಾಗಿ ನಾದಿದ ಹಿಟ್ಟಿನ ಥರ ಇರ್ಬೇಕು, ಒತ್ತಿದ ಗುರುತು ಸ್ವಲ್ಪ ಹೊತ್ತು ನಿಲ್ಲುತ್ತೆ.

ನೀವು ಮುಟ್ತಿರೋದು ರೂಮೆನ್, ಹಸುವಿನ ಹೊಟ್ಟೆಯ ನಾಲ್ಕು ಕೋಣೆಲಿ ಎಲ್ಲಕ್ಕಿಂತ ದೊಡ್ಡದು, ದೊಡ್ಡ ಸೀಮೆಹಸುಗೆ 100 ಲೀಟರ್ ಮೇಲೇನೇ ಹಿಡಿಯುತ್ತೆ. ಹುಲ್ಲು ಕೊಳೆಸಿ ಅರಗಿಸೋದು ಅಲ್ಲಿರೋ ಸೂಕ್ಷ್ಮಜೀವಿಗಳು, ಅದಕ್ಕೇ ನಾವು ಹಸುಗೆ ಹಾಕೋ ಮೇವು ಮೊದ್ಲು ಅವುಗಳ ಊಟ ಅಂತ ನೆನಪಿಟ್ಕೊಳ್ಳಿ. ನಮ್ಮನೇಲಿ ಒಂದ್ಸಲ ಮದುವೆ ಊಟದ ಮಿಕ್ಕಿದ ಅನ್ನ ವೇಸ್ಟ್ ಆಗ್ಬಾರ್ದು ಅಂತ ಒಂದು ಬುಟ್ಟಿ ಹಸುಗೆ ಸುರಿದ್ವಿ, ಬೆಳಗ್ಗೆ ಮುಷ್ಟಿ ಇಟ್ರೆ ಒಂದೇ ಒಂದು ತಳ್ಳಿಲ್ಲ, ಸಗಣಿ ನೀರಾಗಿ ಹುಳಿ ವಾಸನೆ, ಒಳಗೆ ಆ್ಯಸಿಡ್ ಜಾಸ್ತಿ ಆಗಿ ಹುಲ್ಲು ಅರಗಿಸೋ ಜೀವಿಗಳೇ ಸತ್ತಿದ್ವಂತೆ. ಪಾಪ, ನಾಲ್ಕು ದಿನ ಕಷ್ಟಪಡ್ತು. ಅಕ್ಕಿ, ಅನ್ನ, ರಾಗಿ ಯಾವ್ದನ್ನೂ ಒಂದೇ ಸಲ ಜಾಸ್ತಿ ಹಾಕ್ಬೇಡಿ.

ರೂಮೆನ್ ಮುಂದೆ ಜೇನುಗೂಡಿನ ಥರ ಇರೋದು ರೆಟಿಕ್ಯುಲಮ್. ಹುಲ್ಲಲ್ಲಿ ಬಂದ ತಂತಿ, ಮೊಳೆ ಎಲ್ಲ ಅಲ್ಲೇ ನಿಲ್ಲುತ್ತೆ, ಅದರ ಮುಂದೆ ಬರೀ ವಪೆ, ಅಂದ್ರೆ ಎದೆಗೂ ಹೊಟ್ಟೆಗೂ ನಡುವಿನ ತೆಳು ಪರದೆ, ವಪೆ ಆಚೆ ಹೃದಯ, ಮೊಳೆ ಚುಚ್ಚಿದ್ರೆ ಕಥೆ ಕೆಟ್ಟಂಗೇ. ಬೆನ್ನು ಕಮಾನು ಮಾಡಿ, ಮುಂಗಾಲು ಅಗಲಿಸಿ ನಿಂತು, ಇಳಿಜಾರಲ್ಲಿ ಇಳಿಯೋಕೆ ಹಿಂಜರಿದ್ರೆ ಅನುಮಾನ ಪಡಿ. ಬೇಲಿ ತಂತಿ ಚೂರು ಕೊಟ್ಟಿಗೆ ಹತ್ರ ಬಿಡಲೇಬೇಡಿ. ಆಮೇಲೆ ಪುಸ್ತಕದ ಹಾಳೆ ಥರ ಪದರ ಇರೋ ಒಮೇಸಮ್ ಬಲಗಡೆ ಬರುತ್ತೆ, ಕೊನೇದು ಅಬೊಮೇಸಮ್, ನಮ್ಮ ಹೊಟ್ಟೆ ಥರ ಆ್ಯಸಿಡ್ ಇರೋದು ಅದರಲ್ಲೇ.

ಹುಟ್ಟಿದ ಕರುಗೆ ಇದೆಲ್ಲ ಉಲ್ಟಾ, ಅಬೊಮೇಸಮ್ಮೇ ದೊಡ್ಡದು. ಕರು ಚೀಪುವಾಗ ಒಂದು ಕಾಲುವೆ ಕೊಳವೆ ಥರ ಮುಚ್ಕೊಂಡು ಹಾಲು ರೂಮೆನ್ ತಪ್ಪಿಸಿ ನೇರ ಅಲ್ಲಿಗೆ ಹೋಗುತ್ತೆ, ಅದಕ್ಕೇ ಗೊಟ್ಟದಲ್ಲಿ (ಬಾಯಿಗೆ ಸುರಿಯೋ ಬಿದಿರಿನ ಕೊಳವೆ) ಸುರಿಯೋ ಬದ್ಲು ಚೀಪಿಸಿಯೇ ಕುಡಿಸಿ.

ಎಡಗಡೆ ಹಳ್ಳ ತುಂಬಿ ತಮಟೆ ಥರ ಬಿಗಿದು, ತಟ್ಟಿದಾಗ ಡಬ್ ಅಂದ್ರೆ ಅದು ಹೊಟ್ಟೆ ಉಬ್ಬರ, ಕಾಯೋಹಾಗಿಲ್ಲ. ಹಸುನ ನಿಲ್ಲಿಸಿ, ಮುಂಗಾಲು ಎತ್ತರದ ಜಾಗದಲ್ಲಿ ಇರೋ ಹಂಗೆ ಮಾಡಿ, ನಾಲಿಗೆ ಹಿಡಿದು ಎಣ್ಣೆ ಸುರಿಯೋಕೆ ಹೋಗ್ಬೇಡಿ, ಶ್ವಾಸಕೋಶಕ್ಕೆ ಹೋದ್ರೆ ಇನ್ನೊಂದು ಕಾಯಿಲೆ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಮುಷ್ಟಿಗೆ ಎಷ್ಟು ಸಲ ತಳ್ತು, ಮೆಲುಕು ಹಾಕಿ ಎಷ್ಟು ಹೊತ್ತಾಯ್ತು, ಸಗಣಿ ಹೆಂಗಿದೆ ಅಂತ ಹೇಳಿ, ಡಾಕ್ಟ್ರು ಏನು ತರ್ಬೇಕೋ ಅದನ್ನೇ ತಗೊಂಡು ಬರ್ತಾರೆ.