ಮನೆಯ ಲಿನಕ್ಸ್ ಕಂಪ್ಯೂಟರ್‌ಗಳ ನಡುವೆ ಎನ್‌ಎಫ್‌ಎಸ್: ನನ್ನ ಅನುಭವ

ಮನೆಯ ನಾಲ್ಕೂ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಇರುವಾಗ ಕಡತ ಹಂಚಿಕೆಗೆ ವಿಂಡೋಸ್ ಬಗೆಯ ಸಾಂಬಾ ಏಕೆ, ಇನ್ನೊಂದು ಕಂಪ್ಯೂಟರಿನ ಫೋಲ್ಡರನ್ನು ಜಾಲದ ಮೂಲಕ ತನ್ನದೇ ಎಂಬಂತೆ ಬಳಸಲು ಬಿಡುವ ಎನ್‌ಎಫ್‌ಎಸ್ ಸಾಲದೇ ಎಂದು ನಾನು ಕೇಳಿದ್ದಕ್ಕೆ ಬಲ್ಲವರೆಲ್ಲ ಒಂದೇ ಮಾತು ಹೇಳಿದರು: ಆಗಾಗ ನಿದ್ರೆಗೆ ಜಾರುವ ಲ್ಯಾಪ್‌ಟಾಪ್‌ಗಳಿಗೆ ಎನ್‌ಎಫ್‌ಎಸ್ ಒಗ್ಗದು, ಜಾಲಕ್ಕೆ ಜೋಡಿಸಿ ಕಡತ ಇಡುವ ಸಿದ್ಧ ನ್ಯಾಸ್ ಪೆಟ್ಟಿಗೆಯೊಂದನ್ನು ಕೊಳ್ಳುವುದೇ ಲೇಸು. ಅವರು ಒಗ್ಗದು ಎಂದ ವ್ಯವಸ್ಥೆ ವರ್ಷಕ್ಕೂ ಹೆಚ್ಚು ಕಾಲದಿಂದ ತೊಡಕಿಲ್ಲದೆ ನಡೆಯುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯನ್ನು ಬೇಡವೆನ್ನಲು ಮೊದಲ ಕಾರಣ ಹಣ. ಡಿಸ್ಕ್‌ಗಳಿಲ್ಲದ ಖಾಲಿ ಪೆಟ್ಟಿಗೆಗೇ ದೊಡ್ಡ ಮೊತ್ತ ತೆರಬೇಕಿತ್ತು. ನನ್ನಲ್ಲಿ ಗಿಗಾಬಿಟ್ ಪೋರ್ಟ್ ಇರುವ ಹಳೆಯ ಡೆಸ್ಕ್‌ಟಾಪ್ ಮತ್ತು ಎರಡು ಡಿಸ್ಕ್‌ಗಳು ಆಗಲೇ ಇದ್ದವು; ಆ ಡೆಸ್ಕ್‌ಟಾಪೇ ಕಡತ ಹಂಚುವ ಸರ್ವರ್ ಆಯಿತು. ಕೊಂಡದ್ದು ಐದು ಪೋರ್ಟ್‌ಗಳ ಸ್ವಿಚ್ ಮತ್ತು ಒಂದಿಷ್ಟು ಕೇಬಲ್ ಮಾತ್ರ. ನಿಜವಾದ ಖರ್ಚು ವಿದ್ಯುತ್ತಿನದು: ಸುಮ್ಮನಿದ್ದರೂ ಸುಮಾರು 40 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ಇಡೀ ದಿನ ಓಡಿದರೆ ಹತ್ತಿರ ಹತ್ತಿರ ಒಂದು ಯೂನಿಟ್ ಆಗುತ್ತದೆ. ಹಾಗಾಗಿ ಅದನ್ನು ರಾತ್ರಿ ಮಲಗಿಸಿ, ಬೇಕಾದಾಗ ವೇಕ್-ಆನ್-ಲ್ಯಾನ್ ಮೂಲಕ ಎಬ್ಬಿಸುತ್ತೇನೆ.

ಮೊದಲು, ಎಸ್‌ಎಸ್‌ಎಚ್ ಎಂಬ ಗೂಢಲಿಪೀಕೃತ ಸಂಪರ್ಕದ ಮೂಲಕ ಇನ್ನೊಂದು ಕಂಪ್ಯೂಟರಿನ ಫೋಲ್ಡರನ್ನು ತೋರಿಸುವ ಎಸ್‌ಎಸ್‌ಎಚ್‌ಎಫ್‌ಎಸ್ ಬಳಸಿದೆ. ಸಿದ್ಧತೆಯೇನೂ ಬೇಕಿಲ್ಲ ಎಂಬುದು ಅದರ ಗುಣ. ಆದರೆ ಗೂಢಲಿಪೀಕರಣಕ್ಕೆ ಹಾರ್ಡ್‌ವೇರ್ ನೆರವಿಲ್ಲದ ಆ ಹಳೆಯ ಪ್ರೊಸೆಸರ್‌ನಲ್ಲಿ ವೇಗ ಸೆಕೆಂಡಿಗೆ 30 ಮೆಗಾಬೈಟ್ ಆಸುಪಾಸಿನಲ್ಲೇ ನಿಂತಿತು, ಲ್ಯಾಪ್‌ಟಾಪ್ ನಿದ್ರೆಯಿಂದ ಎದ್ದಾಗಲೆಲ್ಲ ಫೈಲ್ ಮ್ಯಾನೇಜರ್ ಕಲ್ಲಾಗಿ ಕೂರುತ್ತಿತ್ತು.

ಎನ್‌ಎಫ್‌ಎಸ್ 4ಕ್ಕೆ ಬಂದಾಗ ವೇಗ ಇನ್ನೂ ಇಳಿದು 11 ಮೆಗಾಬೈಟ್ ಆಯಿತು. ಯಾವ ಫೋಲ್ಡರ್ ಹಂಚಬೇಕೆಂದು ಎನ್‌ಎಫ್‌ಎಸ್‌ಗೆ ಹೇಳುವ ಎಕ್ಸ್‌ಪೋರ್ಟ್ಸ್ ಕಡತವನ್ನು ತಿದ್ದುತ್ತ ಕೂರುವ ಬದಲು, ಜಾಲದ ಪೋರ್ಟಿನ ಸ್ಥಿತಿ ತೋರಿಸುವ ಈಥ್‌ಟೂಲ್ ಓಡಿಸಿದ್ದರಿಂದ ಕಾರಣ ಬೇಗ ಸಿಕ್ಕಿತು: ಜಾಲದ ಕೊಂಡಿ ಸೆಕೆಂಡಿಗೆ 100 ಮೆಗಾಬಿಟ್‌ಗೆ (ಎಂಟು ಬಿಟ್ ಸೇರಿ ಒಂದು ಬೈಟ್) ಇಳಿದಿತ್ತು. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿಗಳು ಬೇಕು, 100ಕ್ಕೆ ಎರಡು ಜೋಡಿ ಸಾಕು; ಗೋಡೆಯೊಳಗಿನ ಕೇಬಲ್ಲಿನ ತುದಿಯಲ್ಲಿ ಒಂದು ತಂತಿ ಬಿಟ್ಟುಹೋಗಿತ್ತು. ತುದಿಯನ್ನು ಹೊಸದಾಗಿ ಕ್ರಿಂಪ್ ಮಾಡಿಸಿದ ಮೇಲೆ ವೇಗ 110 ಮೆಗಾಬೈಟ್ ದಾಟಿತು. ಗಿಗಾಬಿಟ್ ತಂತಿಯಲ್ಲಿ ಅದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ.

ಮುಂದಿನ ತೊಡಕು ಅನುಮತಿಗಳದು. ಬಳಕೆದಾರರ ಗುರುತನ್ನು ಖಚಿತಪಡಿಸುವ ಕರ್ಬರಸ್ ವ್ಯವಸ್ಥೆ ಇಲ್ಲದಿದ್ದರೆ ಎನ್‌ಎಫ್‌ಎಸ್ ಅನುಮತಿ ಕೊಡುವಾಗ ನೋಡುವುದು ಬಳಕೆದಾರರ ಸಂಖ್ಯೆಯನ್ನೇ ಹೊರತು ಹೆಸರನ್ನಲ್ಲ. ಒಂದು ಕಂಪ್ಯೂಟರಿನಲ್ಲಿ ನಿಮ್ಮ ಸಂಖ್ಯೆ 1000, ಇನ್ನೊಂದರಲ್ಲಿ 1001 ಇದ್ದರೆ ನಿಮ್ಮದೇ ಕಡತ ನಿಮಗೆ ಪರರದ್ದಾಗುತ್ತದೆ. ಯೂಸರ್‌ಮಾಡ್ ಆಜ್ಞೆಯಿಂದ ಎಲ್ಲೆಡೆ ಸಂಖ್ಯೆಗಳನ್ನು ಒಂದಾಗಿಸಿದೆ. ಬಳಕೆದಾರರ ಹೋಮ್ ಫೋಲ್ಡರಿನ ಹೊರಗಿನ ಕಡತಗಳನ್ನು ಮಾತ್ರ ಬೇರೆಯಾಗಿ ಹುಡುಕಿ ಬದಲಿಸಬೇಕಾಯಿತು.

ಲ್ಯಾಪ್‌ಟಾಪ್ ನಿದ್ರೆಯ ಸಮಸ್ಯೆಗೆ ಪರಿಹಾರ, ಯಾವ ಡಿಸ್ಕ್ ಅಥವಾ ಫೋಲ್ಡರನ್ನು ಮೌಂಟ್ ಮಾಡಬೇಕು (ವ್ಯವಸ್ಥೆಗೆ ಜೋಡಿಸಬೇಕು) ಎಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತದಲ್ಲೇ ಇತ್ತು. ಬೂಟ್ ಆಗುವಾಗಲೇ ಮೌಂಟ್ ಮಾಡದೆ, ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಆಟೋಮೌಂಟ್ ಆಯ್ಕೆಯನ್ನೂ ಕೆಲವು ನಿಮಿಷಗಳ ಐಡಲ್ ಟೈಮ್‌ಔಟನ್ನೂ ಕೊಟ್ಟರೆ, ಫೋಲ್ಡರ್ ತೆರೆದಾಗ ಮೌಂಟ್ ಆಗಿ, ಬಳಕೆ ನಿಂತಾಗ ತಾನೇ ಕಳಚಿಕೊಳ್ಳುತ್ತದೆ. ಸಾಫ್ಟ್ ಮೌಂಟ್ ಬಳಸು ಎಂಬ ಸಲಹೆಯನ್ನು ನಾನು ಒಪ್ಪಲಿಲ್ಲ. ಬರೆಯುವ ನಡುವೆ ಸರ್ವರ್ ಕಾಣೆಯಾದರೆ ಅದು ದೋಷ ಹೇಳಿ ಕೈಬಿಡುತ್ತದೆ, ಕಡತ ಅರೆಬರೆಯಾಗಿ ಉಳಿಯಬಹುದು. ಹಾರ್ಡ್ ಮೌಂಟ್ ಕಾಯಿಸುತ್ತದೆ, ಆದರೆ ಕೆಡಿಸುವುದಿಲ್ಲ.

ಬ್ಯಾಕಪ್‌ಗೆ ಮಾತ್ರ ಎನ್‌ಎಫ್‌ಎಸ್ ಮೌಂಟ್ ಬಳಸುವುದಿಲ್ಲ. ಮೌಂಟ್ ಆದ ಜಾಗ, ಬ್ಯಾಕಪ್‌ಗೆ ನಾನು ಬಳಸುವ ನಕಲು ಸಾಧನ ಆರ್‌ಸಿಂಕ್‌ಗೆ ಸ್ಥಳೀಯ ಡಿಸ್ಕ್‌ನಂತೆಯೇ ಕಾಣುವುದರಿಂದ ಅದು ಬದಲಾದ ಕಡತವನ್ನು ಇಡಿಯಾಗಿ ಸಾಗಿಸುತ್ತದೆ. ಎಸ್‌ಎಸ್‌ಎಚ್ ಮೂಲಕ ಹೋದರೆ ಬದಲಾದ ಭಾಗವಷ್ಟೇ ಸಾಗುತ್ತದೆ. ಫೋಟೊ, ವಿಡಿಯೊಗಳು ಮೊದಲೇ ಸಂಕುಚಿತವಾಗಿರುವುದರಿಂದ ಸಾಗಿಸುವಾಗ ಸಂಕುಚಿಸುವ ಝಡ್ ಆಯ್ಕೆ ಪ್ರೊಸೆಸರ್‌ಗೆ ಹೊರೆಯೇ ಸರಿ. ಬದಲಾಗದ ಕಡತಗಳನ್ನು ಹಿಂದಿನ ಪ್ರತಿಗೇ ಕೊಂಡಿ ಹಾಕುವ ಲಿಂಕ್-ಡೆಸ್ಟ್ ಆಯ್ಕೆಯಿಂದ ದಿನದಿನದ ಪ್ರತಿಗಳು ಹೆಚ್ಚು ಜಾಗ ತಿನ್ನದೆ ನಿಲ್ಲುತ್ತವೆ. ಮಲಗಿರುವ ಲ್ಯಾಪ್‌ಟಾಪ್‌ನ ಸರದಿಯನ್ನು ನನ್ನ ಸ್ಕ್ರಿಪ್ಟ್ ನಿಭಾಯಿಸುವ ಬಗೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ, ಕಡತಗಳನ್ನು ಒಂದೇ ಕಟ್ಟಾಗಿಸುವ ಟಾರ್ ಮತ್ತು ಅದನ್ನು ನೇರ ಜಾಲಕ್ಕೆ ಹರಿಸುವ ನೆಟ್‌ಕ್ಯಾಟ್ ಜೋಡಿಸಿ ಒಂದು ಡಿಸ್ಕ್‌ನ ಸುಮಾರು 600 ಗಿಗಾಬೈಟ್ ಸಾಗಿಸಿ ನೋಡಿದೆ. ಎರಡು ಗಂಟೆ ಹಿಡಿಯಲಿಲ್ಲ. ನಡುವೆ ಕಡಿದರೆ ಮೊದಲಿನಿಂದ ಆರಂಭಿಸಬೇಕು, ಗೂಢಲಿಪೀಕರಣವೂ ಇಲ್ಲ. ಆದ್ದರಿಂದ ಒಂದೇ ಬಾರಿ ಡಿಸ್ಕ್ ಖಾಲಿ ಮಾಡುವ ಕೆಲಸಕ್ಕೆ ಮಾತ್ರ ಅದನ್ನು ಉಳಿಸಿಕೊಂಡಿದ್ದೇನೆ.