ಹಿತ್ತಲ ಮಣ್ಣಿನ ಕಿರುಜೀವಿಗಳನ್ನು ನಾನು ಗುರುತಿಸಿದ ಬಗೆ

ಶಿರಸಿ ಸಮೀಪದ ನಮ್ಮ ಮನೆಯ ಹಿತ್ತಲಿನಲ್ಲಿ ಬಸಳೆ ಚಪ್ಪರದ ಬುಡವನ್ನು ಕೆದಕಿದಾಗ, ಅಕ್ಕಿನುಚ್ಚಿಗಿಂತ ಸಣ್ಣದಾದ ಬಿಳಿಯ ಹುಳುಗಳು ಬೆಳಕು ಬಿದ್ದೊಡನೆ ಮಣ್ಣಿನ ಸಂದಿಗಳಿಗೆ ನುಸುಳಿಕೊಂಡವು. ಬೇರು ತಿನ್ನುವ ಹುಳುಗಳಿರಬೇಕು, ಔಷಧಿ ಹೊಯ್ಯುವುದು ಒಳ್ಳೆಯದು ಎಂದು ಮನೆಯವರೆಲ್ಲ ಹೇಳಿದರೂ, ಅವು ಯಾವುವೆಂದು ತಿಳಿಯದೆ ಕೊಲ್ಲಲು ನನಗೆ ಮನಸ್ಸಾಗಲಿಲ್ಲ.

ಕೈಯಿಂದ ಆರಿಸುವುದು ಆಗದ ಕೆಲಸವಾದ್ದರಿಂದ, ಇಟಲಿಯ ಕೀಟತಜ್ಞ ಆಂಟೋನಿಯೊ ಬರ್ಲೀಸೆ 1905ರಲ್ಲಿ ರೂಪಿಸಿದ, ಮುಂದೆ ಸ್ವೀಡನ್ನಿನ ಟುಲ್‌ಗ್ರೆನ್ ವಿದ್ಯುದ್ದೀಪ ಬಳಸಿ ಸುಧಾರಿಸಿದ ಲಾಳಿಕೆಯ ವಿಧಾನವನ್ನು ಅನುಸರಿಸಿದೆ. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ ತಲೆಕೆಳಗಾಗಿಸಿ, ಒಳಗೆ ಸುಮಾರು 2 ಮಿಲಿಮೀಟರ್ ಕಣ್ಣಿನ ಜಾಲರಿಯಿಟ್ಟು, ಅದರ ಮೇಲೆ ಎರಡು ಹಿಡಿ ತರಗೆಲೆ ಮತ್ತು ಮೇಲ್ಮಣ್ಣನ್ನು ಹರಡಿ, ಕೆಳಗೆ ಒದ್ದೆ ಕಾಗದ ಹಾಸಿದ ಬಟ್ಟಲನ್ನಿಟ್ಟೆ. ಮೇಲಿನಿಂದ ಮಣ್ಣು ಒಣಗುತ್ತ ಬಂದಂತೆ ಜೀವಿಗಳು ತೇವವನ್ನರಸಿ ಕೆಳಗಿಳಿದು ಬಟ್ಟಲಿಗೆ ಬೀಳುತ್ತವೆ. ಮೊದಲ ಸಲ 60 ವ್ಯಾಟಿನ ಬಲ್ಬನ್ನು ತೀರ ಹತ್ತಿರ ಇಟ್ಟದ್ದರಿಂದ ಒಂದೇ ರಾತ್ರಿಯಲ್ಲಿ ಮಣ್ಣು ಗಟ್ಟಿಯಾಗಿ, ನಿಧಾನವಾಗಿ ನಡೆಯುವ ಜೀವಿಗಳು ಒಳಗೇ ಸತ್ತವು. ಅದು ಇಂದಿಗೂ ನೋವಿನ ಸಂಗತಿ. ಎರಡನೆಯ ಸಲ 25 ವ್ಯಾಟಿನ ಬಲ್ಬನ್ನು ಒಂದು ಗೇಣು ಎತ್ತರದಲ್ಲಿ ಕಟ್ಟಿ ಮೂರು ದಿನ ಕಾದೆ.

ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಲ್ಲಿ ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಕಾಲುಗಳನ್ನು. ಓಡಾಡುವ ಜೀವಿಯ ಕಾಲೆಣಿಸಲಾಗದಿದ್ದಾಗ ಬಟ್ಟಲನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಅವು ಮಂದವಾಗುತ್ತವೆ. ಎಂಟು ಕಾಲಿದ್ದು ಮೀಸೆಯಿಲ್ಲದವು ನುಸಿಗಳು. ಆದರೆ ಮೊಟ್ಟೆಯಿಂದ ಹೊರಬಂದ ನುಸಿಮರಿಗೆ ಆರೇ ಕಾಲುಗಳಿರುವುದರಿಂದ ಮೀಸೆಯಿದೆಯೇ ಎಂದು ನೋಡಿಯೇ ತೀರ್ಮಾನಿಸಬೇಕು. ಆರು ಕಾಲು ಮತ್ತು ಮೀಸೆಯಿದ್ದ ಬಿಳಿಯ ಹುಳುಗಳು ಸ್ಪ್ರಿಂಗ್‌ಟೇಲ್‌ಗಳಿರಬಹುದೆಂದು, ಅಂದರೆ ಹೊಟ್ಟೆಯಡಿ ಮಡಚಿಟ್ಟ ಕವೆಯನ್ನು ಚಿಮ್ಮಿಸಿ ಜಿಗಿಯುವ ರೆಕ್ಕೆಯಿಲ್ಲದ ಕಿರುಜೀವಿಗಳಿರಬಹುದೆಂದು, ಅವು ಜಿಗಿಯುವುದನ್ನು ಬಹಳ ಹೊತ್ತು ಕಾದೆ. ಅವು ಜಿಗಿಯಲೇ ಇಲ್ಲ. ಮಣ್ಣಿನ ಆಳದಲ್ಲಿ ಬದುಕುವ ಹಲವು ಬಗೆಗಳಲ್ಲಿ ಜಿಗಿಯುವ ಕವೆಯೇ ಇರುವುದಿಲ್ಲವೆಂಬುದು ನನಗೆ ಆಗ ಹೊಳೆದಿರಲಿಲ್ಲ. ನೀರದ್ದಿದ ಕುಂಚದ ತುದಿಯಿಂದ ಒಂದನ್ನು ಮಗುಚಿ, ಹೊಟ್ಟೆಯ ಮೊದಲ ಖಂಡದ ಅಡಿಯಲ್ಲಿ ಗೂಟದಂತೆ ಚಾಚಿಕೊಂಡ, ಸ್ಪ್ರಿಂಗ್‌ಟೇಲ್‌ಗಳ ಗುರುತಾದ ಕಿರುಕೊಳವೆಯನ್ನು ಕಂಡ ಮೇಲೆಯೇ ಸಂಶಯ ಕಳೆಯಿತು. ಅವು ಕೊಳೆತ ಎಲೆ, ಶಿಲೀಂಧ್ರಗಳನ್ನು ತಿಂದು ಬದುಕುವಂಥವು.

ಅದೇ ಬಟ್ಟಲಿನಲ್ಲಿ ಎಳೆಯ ಜರಿಯಂತೆ ಕಾಣುವ, ಕಣ್ಣಿಲ್ಲದ, ಹನ್ನೆರಡು ಜೊತೆ ಕಾಲುಗಳ ಮೂರು ಸಿಂಫೈಲಾಗಳೂ ಇದ್ದವು. ಇವುಗಳಲ್ಲಿ ಕೆಲವು ಬಗೆ ಎಳೆಬೇರನ್ನು ಕಡಿಯುವುದು ನಿಜವಾದ್ದರಿಂದ ಒಂದು ಬಳ್ಳಿಯನ್ನು ಕಿತ್ತು ಬೇರು ತೊಳೆದು ನೋಡಿದೆ. ಎಳೆಬೇರಿನ ತುದಿಗಳು ಎಲ್ಲಿಯೂ ಮೊಂಡಾಗಿರಲಿಲ್ಲ. ಔಷಧಿ ಹೊಯ್ಯಲಿಲ್ಲ, ಬಟ್ಟಲಿನ ಜೀವಿಗಳನ್ನು ಸಂಜೆ ಅದೇ ತರಗೆಲೆಯಡಿ ಬಿಟ್ಟೆ.